ಡಾಕ್ಟರ್ ಮುಂದೆ ಕೂತರೆ ಬಾಯಿಗೆ ಬರುವುದು ‘ಗ್ಯಾಸ್ಟ್ರಿಕ್’ ಮಾತ್ರ

ಪ್ರಶ್ನೆ: ವೈಂಡಿಂಗ್ ಅಂಗಡಿ, ಮಂಡ್ಯ

ನಮಸ್ಕಾರ. ಮಂಡ್ಯದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ವಯಸ್ಸು 39. ಬೋರ್‌ವೆಲ್ ಮೋಟಾರು, ಸಂಪಿನ ಮೋಟಾರು, ಹಿಟ್ಟಿನ ಗಿರಣಿ ಮೋಟಾರು, ಸುಟ್ಟುಕೊಂಡು ಬಂದಿದ್ದನ್ನೆಲ್ಲ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುವುದು ಕೆಲಸ. 17 ವರ್ಷದಿಂದ ಇದೇ.

ಯುಗಾದಿ ಆದಮೇಲೆ ನನಗೆ ಏನೋ ಆಗಿದೆ. ಮೊದಲು ಗೊತ್ತಾಗಿದ್ದು ಸುತ್ತು ಎಣಿಸುವಾಗ. ಕಾಯಿಲ್ ಒಂದೊಂದಕ್ಕೂ ಇಷ್ಟು ಸುತ್ತು ಅಂತ ಲೆಕ್ಕ ಇರುತ್ತದೆ. ನಾನು ಗಿರಾಕಿ ಜೊತೆ ಮಾತಾಡುತ್ತಾ, ಫೋನನ್ನು ಭುಜಕ್ಕೆ ಒತ್ತಿಕೊಂಡು, ಹ್ಯಾಂಡಲ್ ತಿರುಗಿಸುತ್ತಾ ಎಣಿಸುತ್ತಿದ್ದವನು. ತಲೆಯ ಒಂದು ಮೂಲೆಯಲ್ಲಿ ಲೆಕ್ಕ ತನ್ನ ಪಾಡಿಗೆ ಓಡುತ್ತಿತ್ತು. ಈಗ ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಇಪ್ಪತ್ತೆಂಟೋ ಮೂವತ್ತೆಂಟೋ ಅಂತ ನಿಂತುಬಿಡುತ್ತೇನೆ. ಬಿಚ್ಚಿ ಮತ್ತೆ ಮೊದಲಿಂದ. ಹೋದ ತಿಂಗಳು ಒಂದು ಮೋಟಾರು ಮೂರೇ ದಿನಕ್ಕೆ ವಾಪಸ್ ಬಂತು. ಬಿಚ್ಚಿ ನೋಡಿದರೆ ಒಂದು ಕಡೆ ಸುತ್ತು ಕಮ್ಮಿ. ಕಬ್ಬು ಒಣಗುತ್ತಿದ್ದರೂ ಆ ರೈತ ಒಂದು ಮಾತು ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ರಾತ್ರಿ 3 ಗಂಟೆಗೆ ಎಚ್ಚರ. ಎದೆ ಡವಡವ. ಆಮೇಲೆ ನಿದ್ದೆ ಇಲ್ಲ. ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, 6 ಕೆಜಿ ಇಳಿದಿದ್ದೇನೆ. ಮಗಳು ಸ್ಕೂಲಿನ ಕಥೆ ಹೇಳಿದರೆ ಹೂಂ ಹೂಂ ಅನ್ನುತ್ತೇನೆ. ‘ಏನು ಹೇಳಿದೆ ಹೇಳಿ ನೋಡೋಣ’ ಅಂದರೆ ಗೊತ್ತಿರುವುದಿಲ್ಲ. ಭಾರಿ ಸಾಲ ಇಲ್ಲ. ಜಗಳ ಇಲ್ಲ. ಕುಡಿಯುವುದಿಲ್ಲ. ಕಾರಣ ಕೇಳಬೇಡಿ, ನನಗೇ ಗೊತ್ತಿಲ್ಲ.

ನಮ್ಮ ಡಾಕ್ಟರ್ ಅಪ್ಪನ ಕಾಲದಿಂದಲೂ ಒಬ್ಬರೇ. ಎಪ್ಪತ್ತು ದಾಟಿರಬಹುದು. ನನ್ನನ್ನು ‘ಏನಯ್ಯಾ ಮೋಟಾರು’ ಅಂತಲೇ ಕರೆಯುತ್ತಾರೆ. ಕೈಗುಣ ಒಳ್ಳೆಯದು. ಫೀಸು 100 ರೂಪಾಯಿ, ಕೆಲವರ ಹತ್ತಿರ ಅದೂ ತಗೊಳ್ಳುವುದಿಲ್ಲ. ಅವರ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ಇವತ್ತು ಹೇಳಿಯೇಬಿಡಬೇಕು ಅಂತ ದಾರಿಯುದ್ದಕ್ಕೂ ರಿಹರ್ಸಲ್ ಮಾಡಿಕೊಂಡೆ. ಸ್ಟೂಲಿನ ಮೇಲೆ ಕೂತೆ. ‘ಏನಯ್ಯಾ ಮೋಟಾರು, ಏನಾಯ್ತು?’ ‘ಗ್ಯಾಸ್ಟ್ರಿಕ್ ಸಾರ್.’ ಮುಗೀತು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಎರಡನೇ ಸಲ ‘ಎದೆ ಹೊಡ್ಕೊಳ್ಳುತ್ತೆ ಸಾರ್’ ಅಂತ ಅಷ್ಟಾದರೂ ಹೇಳಿದೆ. ಇಸಿಜಿ ಮಾಡಿಸಿದರು, ನಾರ್ಮಲ್. ಮೂರನೇ ಸಲ ‘ಸುಸ್ತು’. ಬಿ12 ಇಂಜೆಕ್ಷನ್.

ತಪ್ಪು ಅವರದ್ದಲ್ಲ. ನಾನು ಹೇಳಿದ್ದಕ್ಕೆ ಅವರು ಔಷಧಿ ಕೊಟ್ಟರು. ಮೋಟಾರು ತಂದವನು ‘ಸೌಂಡ್ ಬರುತ್ತೆ’ ಅಂದರೆ ನಾನೂ ಬೇರಿಂಗ್ ನೋಡುತ್ತೇನೆಯೇ ಹೊರತು ವೈಂಡಿಂಗ್ ಬಿಚ್ಚುವುದಿಲ್ಲ.

ಕ್ಲಿನಿಕ್ ಅಂದರೆ ಒಂದೇ ರೂಮು, ನಡುವೆ ಅರ್ಧ ಬಾಗಿಲು. ಒಳಗಿದ್ದವರಿಗೆ ಭೇದಿ ಎಷ್ಟು ಸಲ ಆಯಿತು ಅಂತ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತು. ಕಾಂಪೌಂಡರ್ ನಮ್ಮ ಬೀದಿಯವನೇ. ಮನೆಯಲ್ಲಿ ತಮ್ಮನಿಗೆ ಹೆಣ್ಣು ನೋಡುತ್ತಿದ್ದೇವೆ. ನಮ್ಮ ಜಿಲ್ಲೆಯಲ್ಲಿ ರೈತರ ಮಕ್ಕಳಿಗೆ ಹೆಣ್ಣು ಸಿಗುವ ಕಷ್ಟ ನಿಮಗೆ ಗೊತ್ತಲ್ಲ, 2023ರಲ್ಲಿ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯೇ ಹೊರಟರು. ಅಂಥದ್ದರಲ್ಲಿ ‘ಗಂಡಿನ ಅಣ್ಣನಿಗೆ ತಲೆ ಸರಿಯಿಲ್ಲವಂತೆ’ ಅಂತ ಒಂದು ಮಾತು ಹೊರಬಿದ್ದರೆ?

ಇಂಥದ್ದನ್ನು ಮನೆ ಡಾಕ್ಟರ್‌ಗೆ ಹೇಳಬಹುದಾ, ಇಲ್ಲ ಸೀದಾ ಮೈಸೂರಿಗೆ ಹೋಗಿ ಗುರುತಿಲ್ಲದವರ ಹತ್ತಿರ ತೋರಿಸುವುದು ಒಳ್ಳೆಯದಾ? ಹೇಳುವುದಾದರೆ ಮೊದಲ ಮಾತು ಏನು? ಹೇಳಿದವರು ಯಾರಾದರೂ ಇದ್ದರೆ ಬರೆಯಿರಿ. ‘ಧೈರ್ಯವಾಗಿರಿ’ ಅಂತ ಮಾತ್ರ ಬರೆಯಬೇಡಿ. ಅದು ಮನೆಯಲ್ಲೇ ದಿನಾ ಸಿಗುತ್ತಿದೆ.

ಉತ್ತರ: ಬೆಟ್ಟದ ತಪ್ಪಲು, ಮೈಸೂರು

ಬ್ರದರ್, ಇದಕ್ಕೆಲ್ಲ ಡಾಕ್ಟರ್ ಬೇಡ. ಬೆಳಗ್ಗೆ 5 ಗಂಟೆಗೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಒಂದು ತಿಂಗಳು. ನಂದಿ ಹತ್ತಿರ ಬರುವಷ್ಟರಲ್ಲಿ ಟೆನ್ಷನ್ ಎಲ್ಲ ಬೆವರಲ್ಲಿ ಹೋಗಿರುತ್ತದೆ. ಮೊಬೈಲ್ ಕಮ್ಮಿ ಮಾಡಿ. ಪ್ರಾಣಾಯಾಮ ಮಾಡಿ.

ಉತ್ತರ: ಗಣಿತದ ಟೀಚರ್, ಮೈಸೂರು

ಮೇಲಿನವರೇ, ಅವರು 3 ಗಂಟೆಗೇ ಎದ್ದು ಕೂತಿದ್ದಾರೆ. ಇನ್ನು 5 ಗಂಟೆಗೆ ಏಳಿ ಅಂತ ಹೇಳುತ್ತಿದ್ದೀರಲ್ಲ! ನಡಿಗೆ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಬೆಟ್ಟ ಹತ್ತಿದಷ್ಟಾಗುವ ದಿನಗಳು ಇರುತ್ತವೆ.

ವೈಂಡಿಂಗ್ ಅಂಗಡಿಯವರೇ, ನಾನು ಹೇಳಿದವಳು. 2019ರಲ್ಲಿ, ದಸರಾ ರಜೆ ಮುಗಿದ ಮೇಲೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಈಗ ರಿಟೈರ್ ಆಗಿದ್ದೇನೆ. ನಿಮ್ಮ ಗ್ಯಾಸ್ಟ್ರಿಕ್ ನನಗೆ ತಲೆನೋವಾಗಿತ್ತು. ಯಾವಾಗ ಹೋದರೂ ‘ತಲೆನೋವು ಡಾಕ್ಟ್ರೇ’. ಕನ್ನಡಕ ಎರಡು ಸಲ ಬದಲಾಯಿಸಿದೆ. ನಮ್ಮ ಡಾಕ್ಟರ್ ನನಗಿಂತ ಚಿಕ್ಕವರು, ಹೆಂಗಸು, ಅವರ ಮಗ ನನ್ನ ಕ್ಲಾಸಿನಲ್ಲಿದ್ದ. ಅದೇ ತೊಂದರೆ ಆಗಿದ್ದು. ಅವರ ಮಗನಿಗೆ ‘ಹೆದರಬೇಡ, ಪರೀಕ್ಷೆ ಬರಿ’ ಅಂದ ಟೀಚರ್, ಸ್ಕೂಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ ಅಂತ ಅವರಿಗೆ ಹೇಗೆ ಹೇಳುವುದು?

ಬಾಯಲ್ಲಿ ಬರಲಿಲ್ಲ, ಬರೆದೆ. ಉತ್ತರಪತ್ರಿಕೆಗೆ ಕಟ್ಟುವ ಅಡಿಷನಲ್ ಶೀಟ್ ಇರುತ್ತದಲ್ಲ, ಅದರಲ್ಲಿ. ಮೊದಲು ಎರಡು ಪುಟ ಆಗಿತ್ತು, ನಮ್ಮತ್ತೆ ಕಾಲದಿಂದ ಶುರು ಮಾಡಿದ್ದೆ. ಹರಿದು ಹಾಕಿದೆ. ಅದನ್ನೆಲ್ಲ ಓದಲು ಡಾಕ್ಟರ್‌ಗೆ ಟೈಮ್ ಎಲ್ಲಿ? ಕೊನೆಗೆ ಉಳಿದಿದ್ದು ಐದು ಸಾಲು. ‘ಎಂಟು ತಿಂಗಳಿಂದ ಹೀಗಿದೆ. ದಿನಾ ಅಳು ಬರುತ್ತದೆ. ರಾತ್ರಿ 2ಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೋರ್ಡಿನ ಮೇಲೆ ಅರ್ಧ ಲೆಕ್ಕ ಮಾಡಿ ಮುಂದಿನ ಹೆಜ್ಜೆ ಮರೆಯುತ್ತೇನೆ. ಬಾಯಲ್ಲಿ ಹೇಳಲು ನಾಚಿಕೆ, ದಯವಿಟ್ಟು ಓದಿ.’ ಬಿಪಿ ಪುಸ್ತಕದೊಳಗೆ ಮಡಿಸಿಟ್ಟು ಪುಸ್ತಕವನ್ನೇ ಅವರ ಮುಂದೆ ತಳ್ಳಿದೆ.

ಅವರು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಚೀಟಿಯನ್ನು ಮೊದಲಿದ್ದ ಹಾಗೇ ಮಡಿಸಿ ನನ್ನ ಕೈಗೆ ವಾಪಸ್ ಕೊಟ್ಟರು. ಮೇಜಿನ ಮೇಲೆ ಬಿಡಲಿಲ್ಲ, ಸಿಸ್ಟರ್ ಕೈಗೆ ಕೊಡಲಿಲ್ಲ. ‘ಈಗ ಜನ ಇದ್ದಾರೆ ಮೇಡಂ, ರಾತ್ರಿ ಎಂಟೂವರೆಗೆ ಬನ್ನಿ, ಕೊನೆಯವರಾಗಿ’ ಅಂದರು. ರಾತ್ರಿ ಅರ್ಧ ಗಂಟೆ ಕೂತರು.

ನಿದ್ದೆ ಹೇಗಿದೆ, ಊಟ ಸೇರುತ್ತದಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ, ಬದುಕುವುದು ಬೇಡ ಅನ್ನಿಸುತ್ತದಾ ಅಂತೆಲ್ಲ ಕೇಳಿದರು. ಆ ಕೊನೆಯ ಪ್ರಶ್ನೆಗೆ ಗಾಬರಿ ಆಗಬೇಡಿ. ಅದನ್ನು ಎಲ್ಲರಿಗೂ ಕೇಳುತ್ತಾರೆ, ಕೇಳಲೇಬೇಕು. ಆಮೇಲೆ ರಕ್ತ ಪರೀಕ್ಷೆ. ಥೈರಾಯ್ಡ್ ಕಮ್ಮಿಯಾದರೂ, ರಕ್ತ ಕಮ್ಮಿಯಾದರೂ ಇದೇ ಥರ ಮಂಕು ಬಡಿಯುತ್ತದಂತೆ. ನನ್ನದು ಎಲ್ಲ ಸರಿ ಇತ್ತು. ಸರಿ ಇದೆ ಅಂತ ನನಗೆ ಬೇಜಾರಾಯಿತು ಅಂದರೆ ನಂಬುತ್ತೀರಾ? ಥೈರಾಯ್ಡ್ ಆಗಿದ್ದರೆ ಮನೆಯಲ್ಲಿ ಹೇಳಿಕೊಳ್ಳಬಹುದಿತ್ತಲ್ವಾ.

ಖಿನ್ನತೆಯ ಮಾತ್ರೆ ಶುರು ಮಾಡಿದರು. ಮೊದಲ ಹತ್ತು ದಿನ ವಾಕರಿಕೆ ಬಿಟ್ಟರೆ ಏನೂ ಇಲ್ಲ. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು ಅಂತ ಮೊದಲೇ ಹೇಳಿದ್ದರು, ಕಾದೆ. ಐದನೇ ವಾರ. ಅವರೆಕಾಯಿ ಕಾಲ. ಮಾರ್ಕೆಟ್ಟಿನಲ್ಲಿ ‘ಸೊಗಡೇ ಇಲ್ಲದ ಕಾಯಿಗೆ ಇಷ್ಟು ರೇಟಾ’ ಅಂತ ಜಗಳಕ್ಕೆ ನಿಂತೆ. ನಮ್ಮೆಜಮಾನರು ಬ್ಯಾಗ್ ಹಿಡಿದುಕೊಂಡು ಪಕ್ಕದಲ್ಲಿ ನಗುತ್ತಿದ್ದರು. ಅಷ್ಟು ತಿಂಗಳು ಹೇಳಿದಷ್ಟು ದುಡ್ಡು ಕೊಟ್ಟು ಸುಮ್ನೆ ಬರುತ್ತಿದ್ದೆನಂತೆ. ಅವರು ಗಮನಿಸಿದ್ದರು, ನಾನು ಗಮನಿಸಿರಲಿಲ್ಲ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ನಾಲ್ಕನೇ ತಿಂಗಳು, ಚೆನ್ನಾಗಿದ್ದೇನಲ್ಲ ಅಂತ ಮಾತ್ರೆಯನ್ನು ನಾನೇ ನಿಲ್ಲಿಸಿದೆ. ಮೂರು ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಚುಳ್ ಚುಳ್. ತಿಂಗಳೊಳಗೆ ಅಳು ವಾಪಸ್. ಚೆನ್ನಾಗಿ ಬೈಸಿಕೊಂಡು ಮತ್ತೆ ಶುರು ಮಾಡಿದೆ. ಪೂರ್ತಿ ಹುಷಾರಾದ ಮೇಲೂ ಒಂಬತ್ತು ತಿಂಗಳು ತಗೊಂಡು, ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಿ ಬಿಟ್ಟೆ.

ಉತ್ತರ: ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಮೈಸೂರು

ಟೀಚರ್‌ಗೆ ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ. ಎಲ್ಲರಿಗೂ ಸಿಗುವುದಿಲ್ಲ, ಅದನ್ನೂ ಹೇಳಬೇಕಲ್ವಾ.

ನನಗೆ 27. ಹೋದ ವರ್ಷ ನಮ್ಮ ಮನೆ ಡಾಕ್ಟರ್‌ಗೆ ಕಷ್ಟಪಟ್ಟು ಹೇಳಿದೆ. ‘ಈ ವಯಸ್ಸಲ್ಲಿ ಏನೋ ಡಿಪ್ರೆಶನ್ನು, ಮದುವೆ ಮಾಡ್ಕೋ ಸರಿಹೋಗುತ್ತೆ’ ಅಂತ ನಕ್ಕರು. ಅಷ್ಟಾಗಿದ್ದರೆ ಪರವಾಗಿಲ್ಲ. ನಾನು ಮನೆ ಮುಂದೆ ಬೈಕ್ ಸ್ಟ್ಯಾಂಡ್ ಹಾಕುವ ಮೊದಲೇ ಅಪ್ಪ ಗೇಟಿನಲ್ಲಿ ನಿಂತಿದ್ದರು. ಡಾಕ್ಟರ್ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಉಪಕಾರ.

ಮೂರು ತಿಂಗಳು ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಶಿಫ್ಟ್ ಮುಗಿಸಿ ಸೀದಾ ದೊಡ್ಡಾಸ್ಪತ್ರೆಗೆ ಹೋಗಿ ಓಪಿಡಿ ಚೀಟಿ ಮಾಡಿಸಿ ಮನೋವೈದ್ಯರ ಮುಂದೆ ಕೂತೆ. ಯಾರ ಲೆಟರೂ ಕೇಳಲಿಲ್ಲ. ಕ್ಯೂ ಉದ್ದ, ಬೆಂಚು ಕಮ್ಮಿ, ಆದರೆ ಅಲ್ಲಿ ನಾನು ಯಾರ ಮಗ ಅಂತ ಯಾರಿಗೂ ಬೇಕಾಗಿರಲಿಲ್ಲ. ನನ್ನ ಓಟು ಇದಕ್ಕೆ.

ಉತ್ತರ: ನೈಟ್ ಡ್ಯೂಟಿ, ಶ್ರೀರಂಗಪಟ್ಟಣ

ಸ್ಟಾಫ್ ನರ್ಸ್ ನಾನು. ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೆಬ್ಬಾಳದವರ ಡಾಕ್ಟರ್ ಮಾಡಿದ್ದು ತಪ್ಪು, ಬರೀ ಒರಟುತನ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕು ಅನ್ನುವುದು ಅದರಲ್ಲಿ ರೋಗಿಯ ಹಕ್ಕು. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಅಪ್ಪನಿಗೂ ಹೇಳುವಂತಿಲ್ಲ. ಆದರೆ ಕಾಯ್ದೆ ಬೆಂಗಳೂರು ದೆಹಲಿಯಲ್ಲಿ, ಕಾಂಪೌಂಡರ್ ನಿಮ್ಮ ಬೀದಿಯಲ್ಲಿ. ಅದಕ್ಕೇ ಬಾಯಿಬಿಟ್ಟು ಕೇಳಿಕೊಳ್ಳಿ. ‘ಸಾರ್, ಈ ವಿಷಯ ನಮ್ಮಿಬ್ಬರಲ್ಲೇ ಇರಲಿ’ ಅಂತ ಮೊದಲೇ ಒಂದು ಮಾತು. ಹೆಚ್ಚಿನ ಡಾಕ್ಟರ್‌ಗಳು ಆ ಮಾತಿಗೆ ಬೆಲೆ ಕೊಡುತ್ತಾರೆ. ಟೋಕನ್ ಕೊನೆಯದು ತಗೊಳ್ಳಿ.

ವೈಂಡಿಂಗ್ ಅಂಗಡಿಯವರೇ, ಮೊದಲ ಮಾತು ಏನು ಅಂತ ಕೇಳಿದ್ದೀರಿ. ನೀವೇ ಬರೆದಿದ್ದೀರಲ್ಲ! ‘ಸಾರ್, ಸುತ್ತು ಎಣಿಸಲು ಆಗುತ್ತಿಲ್ಲ’ ಅನ್ನಿ. ಡಿಪ್ರೆಶನ್ನು, ಖಿನ್ನತೆ ಅನ್ನುವ ಹೆಸರನ್ನು ನೀವು ಹೊತ್ತುಕೊಂಡು ಹೋಗಬೇಕಿಲ್ಲ, ಹೆಸರಿಡುವುದು ಅವರ ಕೆಲಸ. 17 ವರ್ಷ ಮಾಡಿದ ಕೆಲಸ ಕೈಗೆ ಹತ್ತುತ್ತಿಲ್ಲ, ಎಷ್ಟು ತಿಂಗಳಿಂದ, ನಿದ್ದೆ ಎಷ್ಟು ಗಂಟೆಗೆ ಹೋಗುತ್ತದೆ, ತೂಕ ಎಷ್ಟು ಇಳಿಯಿತು, ಇಷ್ಟು ಕೇಳಿದರೆ ಯಾವ ಹಳೆಯ ಡಾಕ್ಟರೂ ಗ್ಯಾಸ್ಟ್ರಿಕ್ ಮಾತ್ರೆ ಬರೆಯುವುದಿಲ್ಲ. ಖಿನ್ನತೆ ಎಷ್ಟಿದೆ ಅಂತ ನೋಡಲು ಪಿಎಚ್‌ಕ್ಯೂ-9 ಅಂತ ಒಂದು ಪಟ್ಟಿ ಇದೆ. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಯಾಗಿ ವಿಚಾರಿಸಬೇಕು ಅಂತ ಲೆಕ್ಕ. ನಿಮ್ಮ ಡಾಕ್ಟರ್ ಪಟ್ಟಿ ಹಿಡಿಯದಿದ್ದರೂ ಕೇಳುವುದು ಹೆಚ್ಚುಕಮ್ಮಿ ಅದನ್ನೇ. 6 ಕೆಜಿ ಇಳಿದಿರುವುದಕ್ಕೆ ಶುಗರ್, ಟಿಬಿ ಎಲ್ಲ ನೋಡಲೇಬೇಕು. ಅದಕ್ಕೂ ಮನೆ ಡಾಕ್ಟರೇ ಒಳ್ಳೆಯದು.

ಸಾಮಾನ್ಯ ಡಾಕ್ಟರ್‌ಗೆ ಇದೆಲ್ಲ ಗೊತ್ತಿರುತ್ತದಾ ಅಂತ ಅನುಮಾನ ಬೇಡ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೇ ತರಬೇತಿ ಕೊಟ್ಟರೆ ಅವರೇ ನೋಡಬಲ್ಲರು ಅಂತ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ್ದನ್ನು ನೋಡಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. ಅವರಿಗೆ ಸಾಲದು ಅನ್ನಿಸಿದರೆ ಮುಂದಕ್ಕೆ ಕಳಿಸುತ್ತಾರೆ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೇ ಮನೋವೈದ್ಯರ ವಿಭಾಗ ಇದೆ, ಮೈಸೂರಿಗೆ ಹೋಗಲೇಬೇಕು ಅಂತೇನಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವೂ ಇದೆ, ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ನಿದ್ದೆ ಬರಲ್ಲ ಅಂತ ಗೆಳೆಯರು ಹೇಳಿದ ಆಲ್‌ಪ್ರಜೋಲಮ್ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಗುರುತಿನ ಮೇಲೆ ತಂದು ನುಂಗಬೇಡಿ. ಅದು ಅಭ್ಯಾಸ ಹಿಡಿಸುತ್ತದೆ. ಟೀಚರ್ ತಗೊಂಡಿದ್ದು ಬೇರೆ ಜಾತಿಯ ಮಾತ್ರೆ, ಚಟ ಹಿಡಿಸುವಂಥದ್ದಲ್ಲ, ಆದರೆ ಅವರೇ ಹೇಳಿದ ಹಾಗೆ ಧಡಕ್ಕನೆ ಬಿಡಬಾರದು.

ಇನ್ನೊಂದು ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಆ 3 ಗಂಟೆ ಹೊತ್ತಿನಲ್ಲಿ ಸಾಯುವ ಯೋಚನೆ ಬರುತ್ತದಾ? ಬಂದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ಹೆಂಡತಿಯನ್ನು ಎಬ್ಬಿಸಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, 2022ರಿಂದ ಇದೆ, 24 ಗಂಟೆಯೂ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಡೆಯಲು ಆಗದಿದ್ದರೆ ಯಾವುದೇ ಹೊತ್ತಿನಲ್ಲಾದರೂ ಮಿಮ್ಸ್ ಕ್ಯಾಶುವಾಲಿಟಿಗೆ ಹೋಗಿ. ಅಲ್ಲಿ ನನ್ನಂಥವರು ಎದ್ದೇ ಇರುತ್ತೇವೆ.

ಉತ್ತರ: ಬೆಟ್ಟದ ತಪ್ಪಲು, ಮೈಸೂರು

5 ಗಂಟೆ ಮಾತು ವಾಪಸ್ ತಗೊಂಡೆ ಮೇಡಂ. ನಡಿಗೆ ಮಾತ್ರ ಬಿಡಬೇಡಿ ಬ್ರದರ್, ಸಂಜೆ ಆದರೂ ಸರಿ.

ಉತ್ತರ: ವೈಂಡಿಂಗ್ ಅಂಗಡಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. 16 ದಿನ ಆಯಿತು. ಹೋಗಿ ಬಂದೆ.

ಟೀಚರ್ ಹೇಳಿದ ಹಾಗೆ ಅಂಗಡಿ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೆ, ನರ್ಸಮ್ಮ ಹೇಳಿದ ಹಾಗೆ ಕೊನೆಯ ಟೋಕನ್ ತಗೊಂಡೆ. ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ಕಾಂಪೌಂಡರ್ ಶಟರ್ ಅರ್ಧ ಎಳೆದಿದ್ದ. ‘ಏನಯ್ಯಾ ಮೋಟಾರು, ಮತ್ತೆ ಗ್ಯಾಸ್ಟ್ರಿಕ್ಕಾ?’ ಅಂದರು. ಚೀಟಿ ಜೇಬಿನಲ್ಲಿತ್ತು. ಅದನ್ನು ತೆಗೆಯುವ ಮೊದಲೇ ಬಾಯಿಂದ ಬಂದುಬಿಟ್ಟಿತು, ‘ಸುತ್ತು ಎಣಿಸೋಕೆ ಆಗ್ತಿಲ್ಲ ಸಾರ್’ ಅಂತ.

ಅವರು ಪೆನ್ ಕೆಳಗಿಟ್ಟರು. ‘ಒಂದು ಕಾಯಿಲ್‌ಗೆ ಎಷ್ಟು ಸುತ್ತಯ್ಯಾ?’ ಅಂತ ಕೇಳಿದರು. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗೇ ಇತ್ತು. ನಾನು ಹೇಳಲು ಶುರು ಮಾಡಿದೆ. ಮೋಟಾರಿನ ಎಚ್‌ಪಿ ಮೇಲೆ ಹೋಗುತ್ತೆ ಸಾರ್, ತಂತಿಯ ಗೇಜ್ ಮೇಲೆ ಹೋಗುತ್ತೆ, ಹಳೇದನ್ನು ಬಿಚ್ಚುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಬೇಕು ಅಂತ. ಗೇಜ್ ಅನ್ನುವಷ್ಟರಲ್ಲಿ ಅಳು ಬಂತು. ಅಪ್ಪ ತೀರಿಕೊಂಡಾಗ ಬಿಟ್ಟರೆ ಇನ್ನೊಬ್ಬರ ಮುಂದೆ ಅತ್ತಿದ್ದು ಇದೇ. ಅವರು ಅರ್ಧ ಬಾಗಿಲ ಮೇಲಿಂದ ಕಾಂಪೌಂಡರ್‌ಗೆ ಕೂಗಿ ಹೇಳಿದರು, ‘ಎರಡು ಟೀ ತಗೊಂಬಾ. ಅರ್ಜೆಂಟ್ ಏನಿಲ್ಲ, ನಿಧಾನಕ್ಕೆ ಬಾ.’

ಎಲ್ಲ ಕೇಳಿದರು. ನರ್ಸಮ್ಮ ಕೇಳಿದ್ದನ್ನೂ ಕೇಳಿದರು. ಸಾಯಬೇಕು ಅಂತ ಅಲ್ಲ ಸಾರ್, ಬೆಳಗಾಗುವುದು ಬೇಡ ಅನ್ನಿಸುತ್ತೆ ಅಂದೆ. ನರ್ಸಮ್ಮ, ನಿಮಗೂ ಅದೇ ಉತ್ತರ. ಹೆಂಡತಿಗೆ ಹೇಳಿದ್ದೀಯಾ ಅಂದರು. ಇಲ್ಲ ಅಂದೆ. ಇವತ್ತು ಹೇಳು ಅಂದರು. ಹೇಳಿದೆ. ಅವಳಿಗೆ ಗೊತ್ತಿತ್ತಂತೆ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಥೈರಾಯ್ಡ್, ಶುಗರ್, ಎದೆ ಎಕ್ಸ್‌ರೇ ಎಲ್ಲ ಸರಿ ಇದೆ. ಮಾತ್ರೆ ಅವರೇ ಶುರು ಮಾಡಬಹುದಿತ್ತಂತೆ, ಆದರೂ ತೂಕ ಇಷ್ಟು ಇಳಿದಿದೆ, ಒಂದು ಸಲ ಮಿಮ್ಸ್‌ನಲ್ಲಿ ತೋರಿಸು ಅಂತ ಲೆಟರ್ ಕೊಟ್ಟರು. ಅಲ್ಲಿ ಕ್ಯೂನಲ್ಲಿ ನಿಂತಿದ್ದಾಗ ಮುಂದಿನವರು ತಿರುಗಿದರು. ನನ್ನ ಗಿರಾಕಿ, ಪಾಂಡವಪುರದ ಕಡೆಯವರು. ಇಬ್ಬರಿಗೂ ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ‘ಮೋಟಾರು ಚೆನ್ನಾಗಿ ಓಡ್ತಿದೆ ಕಣಪ್ಪ’ ಅಂದರು. ‘ಸರಿ ಅಣ್ಣ’ ಅಂದೆ.

ಮಾತ್ರೆ ಶುರುವಾಗಿ ಇವತ್ತಿಗೆ ಒಂಬತ್ತು ದಿನ. ವಾಕರಿಕೆ ಇದೆ. ನಿದ್ದೆ ಇನ್ನೂ 3 ಗಂಟೆಗೇ ಹೋಗುತ್ತಿದೆ. ಹತ್ತು ಸುತ್ತಿಗೆ ಒಂದು ಸೀಮೆಸುಣ್ಣದ ಗೆರೆ ಎಳೆದುಕೊಂಡು ಕೆಲಸ ಮಾಡುತ್ತಿದ್ದೇನೆ, ನಿಧಾನ, ಆದರೆ ಯಾವುದೂ ವಾಪಸ್ ಬಂದಿಲ್ಲ. ಕಾಂಪೌಂಡರ್ ಬೀದಿಯಲ್ಲಿ ಸಿಕ್ಕರೆ ಮೊದಲಿನ ಹಾಗೇ ಇದ್ದಾನೆ. ಅವನಿಗೆ ಗೊತ್ತೋ ಇಲ್ಲವೋ, ನನಗಂತೂ ಗೊತ್ತಾಗುತ್ತಿಲ್ಲ.

ಗುರುವಾರ ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು. ಟೂಲ್ಸ್ ತಗೊಂಡು ಬಾ ಅಂದಿದ್ದಾರೆ, ಅವರ ಮನೆ ಸಂಪಿನ ಮೋಟಾರು ಸೌಂಡ್ ಮಾಡುತ್ತಿದೆಯಂತೆ.